ಸರ್ಕಾರದ 'ಸರಾಸರಿ ಸಂಬಳ 21,103 ರೂಪಾಯಿ' ನಮ್ಮ ಶೆಡ್‌ನಲ್ಲಿ ಯಾಕೆ ಕಾಣಿಸುತ್ತಿಲ್ಲ?

ಪೀಣ್ಯ ಫಿಟ್ಟರ್

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ, ತಿಳಿದವರು ಬಿಡಿಸಿ ಹೇಳಿ.

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ನನ್ನ ಕೆಲಸ. ತಿಂಗಳ ಕೊನೆಗೆ ಹಾಜರಿ ಪುಸ್ತಕ ನೋಡಿ ಸಂಬಳದ ಪಟ್ಟಿ ಬರೆಯುವವನೂ ನಾನೇ. ಮೊನ್ನೆ ಊಟದ ಹೊತ್ತಿನಲ್ಲಿ ಲೇತ್ ನೋಡಿಕೊಳ್ಳುವ ಹುಡುಗ ಮೊಬೈಲ್‌ನಲ್ಲಿ ಒಂದು ಸುದ್ದಿ ತೋರಿಸಿದ. ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಅಂತ, ಜನರ ಕೆಲಸ–ಗಳಿಕೆ ಕೇಳುವ ಒಂದು ಸರ್ವೆ ಇದೆಯಂತೆ. ಅದರ ಪ್ರಕಾರ 2024ರ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳ ಸಂಬಳದವರ ಸರಾಸರಿ ಗಳಿಕೆ 21,103 ರೂಪಾಯಿ. "ಅಣ್ಣಾ, ನನಗೆ 14 ಸಾವಿರ. ಮಿಕ್ಕ 7 ಸಾವಿರ ಯಾರ ಹತ್ರ ಇದೆ?" ಅಂತ ಕೇಳಿದ.

ನನಗೆ ಉತ್ತರ ಗೊತ್ತಾಗಲಿಲ್ಲ. ಅಂಕಿ ಸುಳ್ಳು ಅಂದುಬಿಡುವುದು ಸುಲಭ. ಆದರೆ ಅವನು ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳಿದ್ದಾನೆ. ಅವನಿಗೇ ಮೋಸ ಆಗುತ್ತಿದೆಯಾ, ಅಥವಾ ಈ ಸರಾಸರಿ ಅನ್ನುವುದನ್ನು ನಾವು ತಪ್ಪಾಗಿ ಓದುತ್ತಿದ್ದೇವಾ?

ನೇರಮಾತು

ಇದರಲ್ಲಿ ತಿಳಿಯುವುದೇನಿದೆ? ಅವರಿಗೆ ಬೇಕಾದ ಹಾಗೆ ಬರೆದುಕೊಂಡಿದ್ದಾರೆ. ನಂಬಬೇಡಿ.

ಲೆಕ್ಕದ ಮೇಷ್ಟ್ರು

ಹಾಗೆ ಒಂದೇ ಏಟಿಗೆ ತಳ್ಳಿಹಾಕಬೇಡಿ ಸರ್. ಫಿಟ್ಟರ್ ಅವರೇ, ಒಂದು ಕೆಲಸ ಮಾಡಿ. ನಿಮ್ಮ ಶೆಡ್‌ನಲ್ಲಿ ಎಷ್ಟು ಜನ, ಯಾರಿಗೆ ಎಷ್ಟು, ಹೆಸರಿಲ್ಲದೆ ಬರೀ ಅಂಕಿ ಇಲ್ಲಿ ಹಾಕಿ. ಅಲ್ಲೇ ಉತ್ತರ ಸಿಗುತ್ತದೆ ಅನಿಸುತ್ತದೆ.

ಪೀಣ್ಯ ಫಿಟ್ಟರ್

ಒಟ್ಟು 11 ಜನ. 7 ಜನಕ್ಕೆ 14,000. ಇಬ್ಬರಿಗೆ 16,000 (ಅದರಲ್ಲಿ ನಾನೊಬ್ಬ). ಸೂಪರ್‌ವೈಸರ್‌ಗೆ 28,000. ಮ್ಯಾನೇಜರ್‌ಗೆ 85,000.

ಲೆಕ್ಕದ ಮೇಷ್ಟ್ರು

ಸರಿ, ಕೂಡಿಸೋಣ. 98,000 + 32,000 + 28,000 + 85,000 = 2,43,000. ಇದನ್ನು 11ರಿಂದ ಭಾಗಿಸಿದರೆ ಸುಮಾರು 22,091.

ನೋಡಿ, ನಿಮ್ಮ ಶೆಡ್‌ನ ಸರಾಸರಿಯೇ ಸರ್ಕಾರದ ಅಂಕಿಗಿಂತ ಜಾಸ್ತಿ ಬಂತು! ಆದರೆ 22 ಸಾವಿರ ತೆಗೆದುಕೊಳ್ಳುವವರು ನಿಮ್ಮಲ್ಲಿ ಒಬ್ಬರೂ ಇಲ್ಲ. 11 ಜನರಲ್ಲಿ 9 ಜನ ಸರಾಸರಿಗಿಂತ ಎಷ್ಟೋ ಕೆಳಗಿದ್ದಾರೆ. ಮ್ಯಾನೇಜರ್ ಒಬ್ಬರ 85 ಸಾವಿರ ಇಡೀ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಅವರನ್ನು ಬಿಟ್ಟು ಮಿಕ್ಕ 10 ಜನರ ಸರಾಸರಿ ತೆಗೆದರೆ 15,800ಕ್ಕೆ ಇಳಿಯುತ್ತದೆ.

ಹೈಸ್ಕೂಲಿನಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಅಂತ ಓದಿದ್ದು ನೆನಪಿದೆಯಾ? ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ. ಸರಿಯಾಗಿ ನಡುವೆ ನಿಂತವನು ಆರನೆಯವನು. ಅವನ ಸಂಬಳ 14,000. ಅದೇ ಮಧ್ಯಾಂಕ. ಹುಡುಗನಿಗೆ ಹೇಳಿ: ಆ 7 ಸಾವಿರ ಯಾರ ಜೇಬಿನಲ್ಲೂ ಬಚ್ಚಿಟ್ಟುಕೊಂಡಿಲ್ಲ. ಅದು ಭಾಗಾಕಾರದಲ್ಲಿ ಹುಟ್ಟಿದ್ದು.

ನೇರಮಾತು

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಹಾಗಿದ್ದರೆ ಸರ್ಕಾರ ಮಧ್ಯಾಂಕವನ್ನೇ ಯಾಕೆ ಮುಂದೆ ಇಡುವುದಿಲ್ಲ? ಸುದ್ದಿಯಲ್ಲಿ ಯಾವಾಗಲೂ ಸರಾಸರಿಯೇ ಬರುವುದು. ದೊಡ್ಡ ಅಂಕಿ ನೋಡೋಕೆ ಚೆನ್ನಾಗಿರುತ್ತದೆ, ಅದಕ್ಕೇ ಅಲ್ವಾ?

ಲೆಕ್ಕದ ಮೇಷ್ಟ್ರು

ಉದ್ದೇಶದ ಬಗ್ಗೆ ನಾನು ಮಾತಾಡಲ್ಲ. ಆದರೆ ಮಧ್ಯಾಂಕ ಮುಂದೆ ಬರಬೇಕು ಅನ್ನುವುದು ನನ್ನದೂ ವಾದ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಭಾರತದ ಕೂಲಿ–ಸಂಬಳದ ಬಗ್ಗೆ ಒಂದು ವರದಿ ಕೊಟ್ಟಿತ್ತು. ಅದಕ್ಕೆ ಬಳಸಿದ್ದು ನಮ್ಮದೇ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮಾಹಿತಿ. 2011–12ರಲ್ಲಿ ದಿನದ ಸರಾಸರಿ 247 ರೂಪಾಯಿ, ಮಧ್ಯಾಂಕ 150 ರೂಪಾಯಿ. ಅದೇ ಜನ, ಅದೇ ಸರ್ವೆ. ಅರ್ಧಕ್ಕರ್ಧ ಜನರ ದಿನದ ಗಳಿಕೆ 150ರೊಳಗೇ ಇತ್ತು. 247 ಅಂತ ಮಾತ್ರ ಓದಿದವನಿಗೆ ಅದು ಹೇಗೆ ಗೊತ್ತಾಗಬೇಕು?

ಕರಾವಳಿ ಗಾರೆ

ನೀವು ಸಂಬಳದ ಕಥೆ ಹೇಳುತ್ತಿದ್ದೀರಿ, ನಾನು ಕೂಲಿ ಕಥೆ ಕೇಳುತ್ತೇನೆ ಮಾರಾಯ್ರೆ. ಅದೇ ಸರ್ವೆಯಲ್ಲಿ ದಿನಗೂಲಿಯವರ ಸರಾಸರಿ 433 ರೂಪಾಯಿ ಅಂತ ಉಂಟು. ಉಡುಪಿ ಕಡೆ ಗಾರೆ ಕೆಲಸಕ್ಕೆ ನಾನು 1,100 ತೆಗೆದುಕೊಳ್ಳುತ್ತೇನೆ. ನನ್ನ ಹೆಲ್ಪರ್‌ಗೆ 850. 433ಕ್ಕೆ ಇಲ್ಲಿ ಯಾರೂ ಬುಟ್ಟಿ ಎತ್ತುವುದಿಲ್ಲ.

ಬಿಸಿಲೂರು

ನಮ್ಮ ಕಡೆ ಬನ್ನಿ ಅಣ್ಣಾ. ರಾಯಚೂರು ಜಿಲ್ಲೆಯ ನಮ್ಮ ಊರಲ್ಲಿ ಕಳೆ ತೆಗೆಯೋಕೆ ಹೆಣ್ಣಾಳಿಗೆ 250 ಕೊಡುತ್ತಾರೆ. ಅದೇ ಹೊಲದಲ್ಲಿ ಗಂಡಾಳಿಗೆ 400. ನಿಮ್ಮ 1,100 ಕೇಳಿದರೆ ನಮ್ಮವರು ಇವತ್ತೇ ಬಸ್ ಹತ್ತುತ್ತಾರೆ. ಹತ್ತುತ್ತಲೂ ಇದ್ದಾರೆ.

ಲೆಕ್ಕದ ಮೇಷ್ಟ್ರು

ಇಬ್ಬರದೂ ನಿಜ. 433 ಅನ್ನುವುದು ಇಡೀ ದೇಶದ ಸರಾಸರಿ. ರಿಸರ್ವ್ ಬ್ಯಾಂಕ್ ರಾಜ್ಯವಾರು ಅಂಕಿಗಳ ಕೈಪಿಡಿ ತರುತ್ತದೆ. ಕಾರ್ಮಿಕ ಬ್ಯೂರೋ ಹಳ್ಳಿಗಳಿಂದ ಸಂಗ್ರಹಿಸುವ ಕೂಲಿ ದರ ಅದರಲ್ಲಿದೆ. 2022–23ರಲ್ಲಿ ಗಂಡಸರ ಕೃಷಿ ಕೂಲಿ ಕೇರಳದಲ್ಲಿ ದಿನಕ್ಕೆ 764 ರೂಪಾಯಿ, ಮಧ್ಯಪ್ರದೇಶದಲ್ಲಿ 229. ದೇಶದ ಸರಾಸರಿ 345ರ ಆಸುಪಾಸು. ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇರುವ ಎರಡು ರಾಜ್ಯವನ್ನು ಬೆರೆಸಿದರೆ ಬರುವ ಅಂಕಿ ಎರಡೂ ಕಡೆಯವರಿಗೆ ಅಪರಿಚಿತವಾಗಿಯೇ ಕಾಣುತ್ತದೆ.

ರಾತ್ರಿ ಪಾಳಿ

433 × 30 = 12,990. ಅಂದರೆ ಕೂಲಿಯವರಿಗೂ ತಿಂಗಳಿಗೆ 13 ಸಾವಿರ ಸಿಗುತ್ತಿದೆ. ಫಿಟ್ಟರ್ ಅವರ ಹುಡುಗನಿಗೂ ಅವರಿಗೂ ದೊಡ್ಡ ವ್ಯತ್ಯಾಸ ಇಲ್ಲ.

ಕರಾವಳಿ ಗಾರೆ

ಅಲ್ಲ ಅಲ್ಲ. ಅಲ್ಲೇ ಎಲ್ಲರೂ ತಪ್ಪುವುದು. ತಿಂಗಳಿಗೆ 30 ದಿನ ಯಾರಿಗೆ ಕೆಲಸ ಸಿಗುತ್ತದೆ? ನನ್ನ ಹತ್ತಿರ ಒಂದು ಡೈರಿ ಉಂಟು, ಹೋದ ದಿನಕ್ಕೆ ಗೀಟು ಹಾಕುತ್ತೇನೆ. ಹೋದ ವರ್ಷ ಜುಲೈ ಪುಟದಲ್ಲಿ 9 ಗೀಟು. ಜನವರಿ ಪುಟದಲ್ಲಿ 25. ದರ ಎರಡೂ ತಿಂಗಳು 1,100ವೇ. ಜುಲೈಗೆ 9,900 ಬಂತು, ಜನವರಿಗೆ 27,500. ದಿನದ ಕೂಲಿ ನೋಡಿ ತಿಂಗಳ ಗಂಜಿ ಲೆಕ್ಕ ಹಾಕಬೇಡಿ.

ರಾತ್ರಿ ಪಾಳಿ

ಒಪ್ಪಿದೆ ಅಣ್ಣಾ. ಕೆಲಸ ಸಿಗದ ದಿನಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಟ್ಯಾಬ್ ಹಿಡಿದವಳು

ತಡವಾಗಿ ಬಂದೆ. ನಾನು ಕೆಲವು ವರ್ಷ ಇಂಥ ಸರ್ವೆಗೆ ಮನೆ ಮನೆ ಸುತ್ತಿದವಳು. ಗುತ್ತಿಗೆ ಕೆಲಸ, ಈಗ ಬಿಟ್ಟಿದ್ದೇನೆ. "ಅವರೇ ಬರೆದುಕೊಳ್ಳುತ್ತಾರೆ" ಅಂತ ಮೇಲೆ ಒಬ್ಬರು ಹೇಳಿದ್ದು ಓದಿ ಬೇಜಾರಾಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪಿಎಲ್‌ಎಫ್‌ಎಸ್ ಶುರುವಾಗಿದ್ದು 2017ರ ಏಪ್ರಿಲ್‌ನಲ್ಲಿ. 2023–24ರ ವರದಿಗೆ ದೇಶದಲ್ಲಿ 1,01,957 ಮನೆಗಳಿಗೆ ಹೋಗಿ 4,18,159 ಜನರ ಮಾಹಿತಿ ತೆಗೆದಿದ್ದಾರೆ. ಯಾವ ಮನೆ ಅನ್ನುವುದನ್ನು ನಾವು ಆರಿಸುವ ಹಾಗಿಲ್ಲ. ಪಟ್ಟಿ ಬರುತ್ತದೆ, ಆ ಬಾಗಿಲಿಗೇ ಹೋಗಬೇಕು. ಬೀಗ ಇದ್ದರೆ ಮತ್ತೆ ಹೋಗಬೇಕು. ಕಟ್ಟಡ ಕೆಲಸದವರ ತಗಡಿನ ಶೆಡ್‌ಗೆ ರಾತ್ರಿ 8 ಗಂಟೆಗೆ ಹೋದದ್ದಿದೆ, ಬೆಳಗ್ಗೆ 6ಕ್ಕೆ ಹೋದದ್ದಿದೆ.

ಗಳಿಕೆ ಕೇಳುವುದು ಮೂರು ಥರ. ತಿಂಗಳ ಸಂಬಳದವರಿಗೆ ಹಿಂದಿನ ಕ್ಯಾಲೆಂಡರ್ ತಿಂಗಳ ಸಂಬಳ ಎಷ್ಟು ಅಂತ. ಕೂಲಿಯವರಿಗೆ ಕಳೆದ 7 ದಿನದಲ್ಲಿ ಯಾವ ಯಾವ ದಿನ ಏನು ಕೆಲಸ, ಎಷ್ಟು ಕೂಲಿ ಅಂತ. ಸ್ವಂತ ಕೆಲಸದವರಿಗೆ ಕಳೆದ 30 ದಿನದ ಗಳಿಕೆ. ಮೂರಕ್ಕೂ ಅವಧಿ ಬೇರೆ. ಇವನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ನೆ ಹೋಲಿಸಿದರೆ ತಪ್ಪಾಗುತ್ತದೆ, ರಾತ್ರಿ ಪಾಳಿಯವರಿಗೆ ಆದ ಹಾಗೆ.

ಇನ್ನೊಂದು ವಿಷಯ. ಮನೆಯಲ್ಲಿ ಇದ್ದವರು ಇಲ್ಲದವರ ಪರವಾಗಿಯೂ ಉತ್ತರ ಕೊಡುತ್ತಾರೆ. ಒಂದು ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಮಗನಿಗೆ ಎಷ್ಟು ಸಂಬಳ ಅಂತ ಕೇಳಿದೆ. "ಹತ್ತು ಸಾವಿರ ಕಣಮ್ಮ" ಅಂದರು. ಗೋಡೆಯ ಮೇಲೆ ಮಗನ ಕಂಪನಿಯ ಕ್ಯಾಲೆಂಡರ್ ಇತ್ತು, ಅಂಗಳದಲ್ಲಿ ಹೊಸ ಬೈಕ್. ನಾನು ಇನ್ನೊಂದು ಸಲ ಕೇಳಿದೆ: "ಅಜ್ಜಿ, ಅವರಿಗೆ ಬರುವುದು ಹತ್ತಾ, ನಿಮ್ಮ ಕೈಗೆ ಕೊಡುವುದು ಹತ್ತಾ?" ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೊಡೋದು ಹತ್ತು. ಬರೋದು ನಾನ್ಯಾವತ್ತೂ ಕೇಳಿಲ್ಲ." ಸಂಜೆ ಮಗ ಬಂದ ಮೇಲೆ ಮತ್ತೆ ಹೋದೆ. ಆ ಎರಡನೇ ಪ್ರಶ್ನೆ ಕೇಳದೇ ಬಂದಿದ್ದರೆ ಪಟ್ಟಿಯಲ್ಲಿ ಹತ್ತು ಸಾವಿರವೇ ಉಳಿಯುತ್ತಿತ್ತು.

ಅಂಕಿ ಸುಳ್ಳಲ್ಲ. ಆದರೆ ಅದು ಬಾಗಿಲ ಹತ್ತಿರ ನಿಂತು, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳಿದ ಮಾತು.

ನೇರಮಾತು

ಮೇಡಂ, ನಿಮ್ಮ ಕೆಲಸದ ಬಗ್ಗೆ ಹಗುರವಾಗಿ ಮಾತಾಡಿದೆ, ಕ್ಷಮಿಸಿ. ಆ ಮಾತು ಹಿಂದಕ್ಕೆ ತೆಗೆದುಕೊಂಡೆ. ಆದರೆ ಸರಾಸರಿ ಮಾತ್ರ ತೋರಿಸುವುದರ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಅಡಿಕೆ ತೋಟ

"ಕಳೆದ 30 ದಿನದ ಗಳಿಕೆ" ಅನ್ನುವುದು ನಮ್ಮಂಥವರಿಗೆ ಹೇಗೆ ಹೊಂದುತ್ತದೆ ಅಕ್ಕಾ? ಶಿರಸಿ ಹತ್ತಿರ ನಮ್ಮದು ಸಣ್ಣ ತೋಟ. ಕೊಯ್ಲು ಮುಗಿದು, ಸುಲಿದು, ಒಣಗಿಸಿ, ದರ ನೋಡಿಕೊಂಡು ಮಂಡಿಗೆ ಹಾಕುವುದು ವರ್ಷಕ್ಕೆ ಒಂದೆರಡು ಸಲ. ಮಳೆಗಾಲದಲ್ಲಿ ಬಂದು ಕೇಳಿದರೆ ನನ್ನ ಗಳಿಕೆ ಸೊನ್ನೆ. ಕೊಳೆ ಔಷಧಿ ಹೊಡೆಸಿದ ಖರ್ಚು ಮಾತ್ರ ಇರುತ್ತದೆ. ವ್ಯಾಪಾರ ಆದ ತಿಂಗಳು ಬಂದರೆ ಲಕ್ಷದ ಮೇಲೆ. ಎರಡೂ ನಾನಲ್ಲ.

ಟ್ಯಾಬ್ ಹಿಡಿದವಳು

ನಿಮ್ಮ ಪ್ರಶ್ನೆ ತುಂಬಾ ಸರಿಯಾಗಿದೆ. ನಾವೂ ಅದನ್ನೇ ಕೇಳುತ್ತಿದ್ದೆವು. ಸರ್ವೆ ವರ್ಷಪೂರ್ತಿ ನಡೆಯುತ್ತದೆ. ಒಂದಷ್ಟು ಮನೆ ಮಳೆಗಾಲದಲ್ಲಿ ಸಿಗುತ್ತವೆ, ಇನ್ನಷ್ಟು ಮನೆ ವ್ಯಾಪಾರದ ತಿಂಗಳಲ್ಲಿ. ಹಾಗಾಗಿ ವರ್ಷದ ಒಟ್ಟು ಸರಾಸರಿ ಒಂದು ಮಟ್ಟಿಗೆ ಹದಕ್ಕೆ ಬರುತ್ತದೆ.

ಲೆಕ್ಕದ ಮೇಷ್ಟ್ರು

ಸರಾಸರಿ ಹದಕ್ಕೆ ಬರಬಹುದು. ಆದರೆ "ಎಷ್ಟು ಜನ ರೈತರು ಬಡವರು, ಎಷ್ಟು ಜನ ಸಾಹುಕಾರರು" ಅಂತ ಆ 30 ದಿನದ ಅಂಕಿಯಿಂದ ಹೇಳಹೊರಟರೆ ತಪ್ಪುತ್ತದೆ. ಜುಲೈನಲ್ಲಿ ಸಿಕ್ಕ ತೋಟದವರು ಕಡುಬಡವರ ಲೆಕ್ಕಕ್ಕೆ ಹೋಗುತ್ತಾರೆ, ಅವರದೇ ಪಕ್ಕದ ಮನೆಯವರು ಸಾಹುಕಾರರ ಲೆಕ್ಕಕ್ಕೆ. ಇಬ್ಬರ ತೋಟವೂ ಒಂದೇ ಅಳತೆ ಇರಬಹುದು!

ಬೈಕ್ ಮೇಲೆ

ನಾನು ಊಟ ಡೆಲಿವರಿ ಮಾಡುತ್ತೇನೆ. ಆಪ್‌ನಲ್ಲಿ ವಾರಕ್ಕೆ 6,500 ತೋರಿಸುತ್ತದೆ. ಪೆಟ್ರೋಲ್‌ಗೆ 1,400, ಬೈಕ್ ಕಂತು, ಸರ್ವಿಸ್, ಮೊಬೈಲ್ ಡೇಟಾ ಎಲ್ಲಾ ನನ್ನದೇ. ನನ್ನನ್ನು ಕೇಳಿದರೆ ಯಾವ ಅಂಕಿ ಹೇಳಬೇಕು? ಮತ್ತೆ ನಾನು ಸಂಬಳದವನೋ, ಸ್ವಂತ ಕೆಲಸದವನೋ?

ಲೆಕ್ಕದ ಮೇಷ್ಟ್ರು

ತಮ್ಮಾ, ಮೊದಲು ಖರ್ಚು ಕಳೆದು ಎಷ್ಟು ಉಳಿಯುತ್ತದೆ ಅಂತ ನಿನಗೇ ಒಂದು ಲೆಕ್ಕ ಇಟ್ಟುಕೋ. ಸರ್ವೆ ಇರಲಿ ಬಿಡಲಿ, ಅದು ನಿನಗೇ ಬೇಕು. ತುಂಬಾ ಹುಡುಗರು ಆಪ್‌ನ ಅಂಕಿಯನ್ನೇ ಸಂಬಳ ಅಂದುಕೊಂಡು ಫಿಟ್ಟರ್ ಅವರಂಥ ಕೆಲಸ ಬಿಟ್ಟು ಬರುತ್ತಾರೆ.

ಪೀಣ್ಯ ಫಿಟ್ಟರ್

ನಮ್ಮಲ್ಲಿ ಇಬ್ಬರು ಹಾಗೇ ಹೋದರು. ಒಬ್ಬ ವಾಪಸ್ ಬಂದ.

ಅಂದ ಹಾಗೆ ನಮ್ಮ ಹುಡುಗನ 14,000ದಲ್ಲೂ ಇದೇ ತೊಡಕು ಇದೆ. ಪಟ್ಟಿಯಲ್ಲಿ 14,000 ಅಂತ ಬರೆಯುತ್ತೇನೆ. ಅದರಲ್ಲಿ ಪಿಎಫ್ ಶೇ. 12, ಅಂದರೆ 1,680. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ. 0.75, ಅಂದರೆ 105. ಕೈಗೆ ಸಿಗುವುದು 12,215. ಇತ್ತ ಮಾಲೀಕರು ತಮ್ಮ ಪಾಲಿನ ಪಿಎಫ್ 1,680, ಇಎಸ್‌ಐ 455 ಸೇರಿಸಿ "ಒಬ್ಬ ಹುಡುಗನಿಗೆ 16 ಸಾವಿರದ ಮೇಲೆ ಬೀಳುತ್ತದೆ" ಅನ್ನುತ್ತಾರೆ. ಒಬ್ಬನೇ ಹುಡುಗ, ಒಂದೇ ತಿಂಗಳು, ಮೂರು ಅಂಕಿ.

ಟ್ಯಾಬ್ ಹಿಡಿದವಳು

ಬಾಗಿಲಲ್ಲಿ ಕೇಳಿದರೆ ಹೆಚ್ಚಿನವರು ಬ್ಯಾಂಕ್ ಮೆಸೇಜ್‌ನಲ್ಲಿ ಬಂದ ಅಂಕಿಯನ್ನೇ ಹೇಳುತ್ತಾರೆ. ನಿಮ್ಮ ಹುಡುಗ 12,215 ಅನ್ನುತ್ತಾನೆ ನೋಡಿ.

ತೆರಿಗೆ ಕಟ್ಟುವವ

ಇಷ್ಟೆಲ್ಲ ಕಷ್ಟ ಯಾಕೆ? ಬಾಗಿಲು ತಟ್ಟಿ ಕೇಳುವ ಬದಲು ಆದಾಯ ತೆರಿಗೆ ರಿಟರ್ನ್, ಪಿಎಫ್ ದಾಖಲೆ ತೆಗೆದು ನೋಡಿದರೆ ಪಕ್ಕಾ ಅಂಕಿ ಸಿಗುತ್ತದೆ.

ಲೆಕ್ಕದ ಮೇಷ್ಟ್ರು

ಪಕ್ಕಾ ಸಿಗುತ್ತದೆ, ಆದರೆ ಯಾರದ್ದು? 2024ರ ಜುಲೈ 31ರ ಗಡುವಿಗೆ ಬಂದ ರಿಟರ್ನ್ 7.28 ಕೋಟಿ. ಬಿಸಿಲೂರಿನ ಹೆಣ್ಣಾಳು, ಕರಾವಳಿಯ ಹೆಲ್ಪರ್, ಫಿಟ್ಟರ್ ಅವರ ಹುಡುಗ, ಇವರಲ್ಲಿ ಯಾರೂ ಅದರಲ್ಲಿ ಇರುವುದು ಕಷ್ಟ. ಪಿಎಫ್ ದಾಖಲೆಯಲ್ಲಿ ಹುಡುಗ ಸಿಗುತ್ತಾನೆ, ಮಿಕ್ಕ ಇಬ್ಬರು ಅಲ್ಲೂ ಇಲ್ಲ. ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ಅಂತ ಇನ್ನೊಂದಿದೆ. ಅದು ನೋಂದಾಯಿತ ಕಾರ್ಖಾನೆಗಳ ಲೆಕ್ಕದ ಪುಸ್ತಕದಿಂದಲೇ ತೆಗೆಯುತ್ತದೆ. ಕರೆಂಟ್ ಬಳಸುವ ಕಡೆ ಕನಿಷ್ಠ 10 ಕೆಲಸಗಾರರು, ಇಲ್ಲದಿದ್ದರೆ 20 ಜನ ಇರಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ ಮಿತಿಯಾಗಿತ್ತು. ಚಿಕ್ಕ ಶೆಡ್‌ಗಳೆಲ್ಲ ಹೊರಗೆ. ದಾಖಲೆ ಗಟ್ಟಿಯಾದಷ್ಟೂ ಅದರೊಳಗೆ ಇರುವ ಜನ ಕಡಿಮೆ.

ಸೂಜಿ ದಾರ

ಇದುವರೆಗೆ ಸಂಬಳ, ಕೂಲಿ ಅಂತಲೇ ಮಾತಾಗಿದೆ. ನಮ್ಮಂಥ ಹೆಂಗಸರ ಕಥೆ? ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮದುವೆ ಸೀಸನ್‌ನಲ್ಲಿ ತಿಂಗಳಿಗೆ 8–9 ಸಾವಿರ, ಆಷಾಢದಲ್ಲಿ 2 ಸಾವಿರ ಸಿಕ್ಕರೆ ಹೆಚ್ಚು. ನನ್ನನ್ನು ಎಲ್ಲಿ ಸೇರಿಸುತ್ತಾರೆ?

ಲೆಕ್ಕದ ಮೇಷ್ಟ್ರು

ಸ್ವಂತ ಕೆಲಸದವರ ಪಟ್ಟಿಯಲ್ಲಿ ಅಮ್ಮಾ. ಮತ್ತೆ ನೀವೇ ಹೆಚ್ಚಿನವರು! 2023–24ರಲ್ಲಿ ದೇಶದ ಕೆಲಸಗಾರರಲ್ಲಿ ಶೇ. 58.4 ಸ್ವಂತ ಕೆಲಸದವರು, ಶೇ. 19.8 ದಿನಗೂಲಿಯವರು. ತಿಂಗಳ ಸಂಬಳದವರು ಶೇ. 21.7 ಮಾತ್ರ. ಅಂದರೆ 21,103 ಅನ್ನುವ ಅಂಕಿ ಐದರಲ್ಲಿ ಒಬ್ಬ ಕೆಲಸಗಾರನ ಬಗ್ಗೆ ಹೇಳುತ್ತದೆ. ಮಿಕ್ಕ ನಾಲ್ವರ ಬಗ್ಗೆ ಅದು ಏನೂ ಹೇಳುವುದಿಲ್ಲ. ಸುದ್ದಿಯ ತಲೆಬರಹದಲ್ಲಿ "ಭಾರತೀಯರ ಸರಾಸರಿ ಸಂಬಳ" ಅಂತ ಹಾಕುತ್ತಾರಲ್ಲ, ಅದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಬಿಸಿಲೂರು

ಆ 58ರಲ್ಲಿ ಕೈಗೆ ಒಂದು ರೂಪಾಯಿಯೂ ಬರದವರೂ ಇದ್ದಾರೆ ಅಂತ ಕೇಳಿದ್ದೇನೆ.

ಲೆಕ್ಕದ ಮೇಷ್ಟ್ರು

ಹೌದು. ಮನೆಯ ಅಂಗಡಿಯಲ್ಲೋ ಹೊಲದಲ್ಲೋ ಸಂಬಳ ಇಲ್ಲದೆ ದುಡಿಯುವವರು. ಒಟ್ಟು ಕೆಲಸಗಾರರಲ್ಲಿ ಇವರೇ ಶೇ. 19.4. ಕೆಲಸಗಾರರು ಅಂತ ಲೆಕ್ಕಕ್ಕೆ ಬರುತ್ತಾರೆ, ಗಳಿಕೆಯ ಜಾಗದಲ್ಲಿ ಬರೆಯಲು ಏನೂ ಇಲ್ಲ.

ರಾತ್ರಿ ಪಾಳಿ

ಬೆಲೆ ಏರಿಕೆ ಬಗ್ಗೆ ಯಾರೂ ಮಾತಾಡಲೇ ಇಲ್ಲ. 2017ರಲ್ಲಿ ಇದೇ ಅಂಕಿ ಎಷ್ಟಿತ್ತು?

ಲೆಕ್ಕದ ಮೇಷ್ಟ್ರು

2017ರ ಜುಲೈ–ಸೆಪ್ಟೆಂಬರ್‌ನಲ್ಲಿ ಸಂಬಳದವರ ಸರಾಸರಿ 16,538, ದಿನಗೂಲಿ 294. 2024ರ ಏಪ್ರಿಲ್–ಜೂನ್‌ಗೆ 21,103 ಮತ್ತು 433. ಸಂಬಳ ಏರಿದ್ದು ಶೇ. 27ರಿಂದ 28, ಕೂಲಿ ಏರಿದ್ದು ಶೇ. 47. ಅದೇ ಹೊತ್ತಿನಲ್ಲಿ ಗ್ರಾಹಕ ಬೆಲೆ ಸೂಚ್ಯಂಕ ಏರಿದ್ದು ಸುಮಾರು ಶೇ. 40. ಕೂಲಿ ಬೆಲೆಗಿಂತ ಸ್ವಲ್ಪ ಮುಂದೆ ಹೋಯಿತು, ಸಂಬಳ ಹಿಂದೆ ಬಿತ್ತು.

ಇದು ನನ್ನ ಸ್ವಂತ ಮಾತಲ್ಲ. ಕೇಂದ್ರದ 2024–25ರ ಆರ್ಥಿಕ ಸಮೀಕ್ಷೆಯಲ್ಲೇ ಬೆಲೆ ಏರಿಕೆ ಕಳೆದು ಕೊಟ್ಟಿದ್ದಾರೆ. ಸಂಬಳದ ಗಂಡಸರ ತಿಂಗಳ ಸರಾಸರಿ 2017–18ರಲ್ಲಿ 12,665, 2023–24ರಲ್ಲಿ 11,858. ಹೆಂಗಸರದ್ದು 10,116ರಿಂದ 8,855ಕ್ಕೆ. ಈ ಅಂಕಿಗಳು 2012ರ ಬೆಲೆಯಲ್ಲಿವೆ, ಅದಕ್ಕೇ ಚಿಕ್ಕದಾಗಿ ಕಾಣುತ್ತವೆ. 21,103ರ ಪಕ್ಕ ಇಟ್ಟು ನೋಡಬೇಡಿ.

ನೇರಮಾತು

ನೋಡಿ! ಸರ್ಕಾರದ ಪುಸ್ತಕದಲ್ಲೇ ಇದೆ. ಸಂಬಳ ಏರಿತು ಅಂತ ತಲೆಬರಹ, ಒಳಗೆ ನೋಡಿದರೆ ಇಳಿದಿದೆ.

ಸೂಜಿ ದಾರ

ನಮ್ಮಂಥವರದ್ದು?

ಲೆಕ್ಕದ ಮೇಷ್ಟ್ರು

ಸ್ವಂತ ಕೆಲಸದ ಹೆಂಗಸರದ್ದು 4,348ರಿಂದ 2,950ಕ್ಕೆ ಇಳಿದಿದೆ. ಹತ್ತಿರ ಹತ್ತಿರ ಮೂರನೇ ಒಂದು ಭಾಗ.

ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಇದೇ ಹೊತ್ತಿನಲ್ಲಿ ಕೆಲಸದಲ್ಲಿರುವ ಅಥವಾ ಕೆಲಸ ಹುಡುಕುವ ಹೆಂಗಸರ ಪಾಲು ಶೇ. 23.3ರಿಂದ ಶೇ. 41.7ಕ್ಕೆ ಏರಿದೆ. ಹೀಗೆ ಯೋಚಿಸಿ: ಒಂದು ಬೀದಿಯಲ್ಲಿ ಇಬ್ಬರು ಹೆಂಗಸರು ಹೊಲಿಯುತ್ತಿದ್ದರು, ತಲಾ 6,000. ಮುಂದಿನ ವರ್ಷ ಇನ್ನಿಬ್ಬರು ಹೊಸದಾಗಿ ಹೂ ಕಟ್ಟೋಕೆ ಶುರು ಮಾಡಿದರು, ತಲಾ 2,000. ಹಳೆಯ ಇಬ್ಬರಿಗೆ ಒಂದು ಪೈಸೆ ಕಮ್ಮಿ ಆಗಿಲ್ಲ, ಹೊಸಬರ ಕೈಗೆ ಮೊದಲ ಸಲ ದುಡ್ಡು ಬಂದಿದೆ. ಆದರೂ ಸರಾಸರಿ 6,000ದಿಂದ 4,000ಕ್ಕೆ ಬಿತ್ತು. ಸರಾಸರಿ ಇಳಿದರೆ ಎಲ್ಲರ ಗಳಿಕೆಯೂ ಇಳಿಯಿತು ಅಂತ ಅಲ್ಲ.

ಇದರ ತಿರುವುಮುರುವೂ ಆಗುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಒಂದೇ ತಿಂಗಳಿಗೆ 2 ಕೋಟಿಗೂ ಹೆಚ್ಚು ಕೆಲಸ ಹೋಯಿತು, ಗಂಟೆಯ ಸರಾಸರಿ ಸಂಬಳ ಶೇ. 4.7 ಏರಿತು! ಹೋಟೆಲ್, ಅಂಗಡಿಗಳ ಕಡಿಮೆ ಸಂಬಳದವರು ಪಟ್ಟಿಯಿಂದಲೇ ಹೊರಗೆ ಬಿದ್ದಿದ್ದರು, ಉಳಿದವರ ಸರಾಸರಿ ಮೇಲೆ ಹೋಯಿತು, ಅಷ್ಟೇ.

ಸೂಜಿ ದಾರ

ಲೆಕ್ಕ ಅರ್ಥ ಆಯಿತು ಸರ್. ಆದರೆ ನಾನು ಒಪ್ಪುವುದು ಅರ್ಧ. ನಮ್ಮ ಬೀದಿಯಲ್ಲಿ ಹೊಸದಾಗಿ ಹೊಲಿಗೆ ಶುರು ಮಾಡಿದವರು ಖುಷಿಗೆ ಶುರು ಮಾಡಿದವರಲ್ಲ. ಗಂಡನ ದುಡಿಮೆ ಸಾಲದೇ ಶುರು ಮಾಡಿದ್ದಾರೆ. ಮತ್ತೆ ಬ್ಲೌಸ್ ಹೊಲಿಸುವವರು ಹೆಚ್ಚಾಗಿಲ್ಲ, ಹೊಲಿಯುವವರು ಹೆಚ್ಚಾಗಿದ್ದಾರೆ. ನನಗೆ ವಾರಕ್ಕೆ ಹತ್ತು ಬ್ಲೌಸ್ ಬರುತ್ತಿತ್ತು, ಈಗ ಆರು. ನನ್ನದೂ ಇಳಿದಿದೆ. ನಿಮ್ಮ ಲೆಕ್ಕದ ಹಳೆಯ ಇಬ್ಬರ ಹಾಗೆ ನಾನು 6,000ದಲ್ಲೇ ನಿಂತಿಲ್ಲ.

ಲೆಕ್ಕದ ಮೇಷ್ಟ್ರು

ನೀವು ಹೇಳಿದ್ದು ನನಗೆ ಹೊಳೆದಿರಲಿಲ್ಲ. ಹೊಸಬರು ಬಂದರೆ ಹಳಬರ ಪಾಲೂ ಹಂಚಿಹೋಗಬಹುದು. ಎರಡೂ ಒಟ್ಟಿಗೆ ಆಗಿರಬಹುದು. ಎಷ್ಟು ಇದು, ಎಷ್ಟು ಅದು ಅನ್ನುವುದನ್ನು ಒಂದು ಸರಾಸರಿ ಹೇಳಲಾರದು.

ಚಾಕ್ ಪೀಸ್

ಸಂಬಳದವರು ಅಂದ ತಕ್ಷಣ ಭದ್ರತೆ ಇದೆ ಅಂದುಕೊಳ್ಳಬೇಡಿ. ನಾನು ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಖಾತೆಗೆ 18,000 ಹಾಕುತ್ತಿದ್ದರು, 6,000 ನಗದಾಗಿ ವಾಪಸ್ ಕೊಡಬೇಕಿತ್ತು. ಮೇ ತಿಂಗಳಿಗೆ ಸಂಬಳವೇ ಇಲ್ಲ. ದಾಖಲೆಯಲ್ಲಿ ನನ್ನದು 18,000, ನನ್ನ ಮನೆಗೆ ಬಂದದ್ದು 12,000. ಎರಡು ವರ್ಷ ಹೀಗೇ ನಡೆಯಿತು. ಯಾರಿಗೂ ಹೇಳಿಕೊಳ್ಳಲಾಗದ ಅವಮಾನ ಅದು.

ಟ್ಯಾಬ್ ಹಿಡಿದವಳು

ಟೀಚರ್ ಅಮ್ಮ, ನಿಮ್ಮಂಥವರು ತುಂಬಾ ಜನ ಇದ್ದಾರೆ. ಇಂಥದ್ದು ದಾಖಲೆಯಲ್ಲಿ ಯಾವತ್ತೂ ಸಿಗುವುದಿಲ್ಲ, ಬಾಗಿಲಲ್ಲಿ ಕೂತು ಕೇಳಿದಾಗ ಮಾತ್ರ ಸಿಗುತ್ತದೆ. ಅದಕ್ಕೇ ಮನೆಗೆ ಹೋಗಿ ಕೇಳುವ ಸರ್ವೆ ಬೇಕು ಅಂತ ನಾನು ವಾದ ಮಾಡುವುದು. ಅದೇ 2023–24ರ ವರದಿಯಲ್ಲಿ ಇನ್ನೊಂದು ಅಂಕಿ ಇದೆ: ಕೃಷಿಯ ಹೊರಗಿನ ಸಂಬಳದವರಲ್ಲಿ ಶೇ. 58ರಷ್ಟು ಜನಕ್ಕೆ ಕೆಲಸದ ಲಿಖಿತ ಒಪ್ಪಂದವೇ ಇಲ್ಲ. ಮನೆಗೆಲಸಕ್ಕೆ ತಿಂಗಳ ಲೆಕ್ಕದಲ್ಲಿ ಹೋಗುವವರು, ಅಂಗಡಿಯಲ್ಲಿ ನಿಲ್ಲುವ ಹುಡುಗರು, ಎಲ್ಲಾ ಇದೇ ಸಂಬಳದವರ ಪಟ್ಟಿಯಲ್ಲೇ. ಸಾಫ್ಟ್‌ವೇರ್‌ನವರೂ ಅದರಲ್ಲೇ.

ತೆರಿಗೆ ಕಟ್ಟುವವ

ಇದನ್ನೆಲ್ಲ ನಾವೇ ತೆಗೆದು ನೋಡಬಹುದಾ? ಮಧ್ಯಾಂಕ, ಕರ್ನಾಟಕದ್ದು ಮಾತ್ರ, ಹೀಗೆ?

ಲೆಕ್ಕದ ಮೇಷ್ಟ್ರು

ನೋಡಬಹುದು. ಹೆಸರು, ವಿಳಾಸ ತೆಗೆದ ಬಿಡಿ ಮಾಹಿತಿಯನ್ನು ಅಂಕಿಅಂಶ ಸಚಿವಾಲಯ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಎರಡು ಎಚ್ಚರಿಕೆ ಮಾತ್ರ. ಪ್ರತಿ ಸಾಲಿಗೂ ಒಂದು ತೂಕ ಇರುತ್ತದೆ, ಆ ಒಬ್ಬರು ಎಷ್ಟು ಜನರ ಪರವಾಗಿ ನಿಂತಿದ್ದಾರೆ ಅಂತ. ಅದನ್ನು ಬಿಟ್ಟು ಸುಮ್ನೆ ಸರಾಸರಿ ತೆಗೆದರೆ ಉತ್ತರ ತಪ್ಪು. ಮತ್ತೆ ಒಂದು ಲಕ್ಷ ಮನೆ ದೇಶಕ್ಕೆ ಸಾಕು, ಆದರೆ "ನಮ್ಮ ಜಿಲ್ಲೆಯ ದರ್ಜಿಗಳ ಗಳಿಕೆ" ಅಂತ ಇಳಿದರೆ ಕೈಯಲ್ಲಿ ನಾಲ್ಕೈದು ಮನೆ ಉಳಿಯುತ್ತವೆ. ನಾಲ್ಕು ಮನೆಯಿಂದ ಏನು ಹೇಳುತ್ತೀರಿ? 2025ರ ಜನವರಿಯಿಂದ ಮಾದರಿಯನ್ನು ಸುಮಾರು 2.72 ಲಕ್ಷ ಮನೆಗೆ ಏರಿಸಿದ್ದಾರೆ. ಆಗ ಕೇಳುವ ಪದ್ಧತಿಯೂ ಬದಲಾಗಿದೆ, ಹಾಗಾಗಿ ಹಳೆಯದಕ್ಕೂ ಹೊಸದಕ್ಕೂ ನೇರವಾಗಿ ಗೆರೆ ಎಳೆಯಬೇಡಿ.

ಪೀಣ್ಯ ಫಿಟ್ಟರ್

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಊಟದ ಹೊತ್ತಿನಲ್ಲಿ ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ 11 ಅಂಕಿ ಬರೆದು ಹುಡುಗನಿಗೆ ತೋರಿಸಿದೆ. ಮಿಕ್ಕವರೂ ಬಂದು ನಿಂತರು. ಆರನೇ ಅಂಕಿಗೆ ಸುತ್ತು ಹಾಕಿದೆ. ಹುಡುಗ ಸ್ವಲ್ಪ ಹೊತ್ತು ನೋಡಿ, "ಅಂದ್ರೆ ನಡುವಿನವನು ನಾನೇ" ಅಂದ. ಆಮೇಲೆ ಇನ್ನೊಂದು ಕೇಳಿದ: "2017ರಲ್ಲಿ ನನ್ನ ಜಾಗದಲ್ಲಿದ್ದವನಿಗೆ ಎಷ್ಟು ಕೊಡ್ತಿದ್ರು?" ಹಳೆಯ ಪುಸ್ತಕ ತೆಗೆದು ನೋಡಿದೆ. 10,500. ಶೇ. 33 ಏರಿದೆ, ಬೆಲೆ ಏರಿದ್ದು 40. ಈ ಲೆಕ್ಕ ಹಿಡಿದುಕೊಂಡು ಸೋಮವಾರ ಇಬ್ಬರೂ ಮಾಲೀಕರ ಹತ್ತಿರ ಹೋಗುತ್ತಿದ್ದೇವೆ.

ಕರಾವಳಿ ಗಾರೆ

ಒಳ್ಳೆಯದಾಗಲಿ ಮಾರಾಯ್ರೆ. ಏನಾಯಿತು ಅಂತ ಇಲ್ಲಿ ಬರೆಯಿರಿ. ಆ ಹಳೆಯ ಪುಸ್ತಕ ಜೊತೆಗೇ ತೆಗೆದುಕೊಂಡು ಹೋಗಿ.

ಹೊಸ ಸದಸ್ಯೆ

ಈ ಚರ್ಚೆ ಓದುತ್ತಿರುವಾಗಲೇ ಒಂದು ನಡೆಯಿತು, ಹೇಳಲೇಬೇಕು. ಈ ಸಲ ನಮ್ಮ ಊರಿನ ನಮ್ಮ ಮನೆಯೇ ಸರ್ವೆಗೆ ಬಂದಿದೆ. ನಿನ್ನೆ ಟ್ಯಾಬ್ ಹಿಡಿದು ಒಬ್ಬರು ಬಂದಿದ್ದರು. ಅಮ್ಮನ ಬಗ್ಗೆ ಕೇಳಿದಾಗ ಅಮ್ಮನೇ "ನಾನೇನೂ ಕೆಲಸ ಮಾಡಲ್ಲ, ಮನೇಲೇ ಇರ್ತೀನಿ" ಅಂದಳು. ಹಿತ್ತಲಲ್ಲಿ ಎರಡು ಹಸು ಇವೆ. ಬೆಳಗ್ಗೆ 5ಕ್ಕೆ ಎದ್ದು ಹಾಲು ಕರೆದು, 6ಕ್ಕೆ ಕ್ಯಾನ್ ಹಿಡಿದು ಡೇರಿಗೆ ಹೋಗುವವಳು ಅವಳೇ. ಸಂಜೆ ಇನ್ನೊಂದು ಸಲ.

ನಾನು ಒಳಗೆ ಹೋಗಿ ಡೇರಿಯ ಪಾಸ್‌ಬುಕ್ ತಂದು ಅವರ ಮುಂದೆ ಇಟ್ಟೆ. ಮೂವರೂ ಕೂತು ಕಳೆದ 30 ದಿನದ ಲೀಟರ್ ಕೂಡಿಸಿದೆವು. ಹಿಂಡಿ, ಬೂಸಾ ಎಷ್ಟು ಬಿತ್ತು ಅಂತ ಅಮ್ಮ ಬೆರಳು ಮಡಚಿ ಹೇಳಿದಳು. ಎಲ್ಲಾ ಕಳೆದು 6,200 ಉಳಿಯಿತು. ಅಮ್ಮ ಆ ಅಂಕಿಯನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಪಾಸ್‌ಬುಕ್ ಅಪ್ಪನ ಹೆಸರಲ್ಲಿದೆ. ಬಂದವರು ಅಪ್ಪನ ಹೆಸರಿನ ಮುಂದೆ ಬರೆಯಲಾ, ಅಮ್ಮನ ಹೆಸರಿನ ಮುಂದೆ ಬರೆಯಲಾ ಅಂತ ಕೇಳಿದರು. ಟ್ಯಾಬ್ ಹಿಡಿದ ಅಕ್ಕಾ, ನಾವು ಅಮ್ಮನ ಹೆಸರು ಹೇಳಿದ್ದೇವೆ. ಸರಿ ತಾನೇ?

ಟ್ಯಾಬ್ ಹಿಡಿದವಳು

ಸರಿ ಕಣಮ್ಮ. ಕೆಲಸ ಯಾರು ಮಾಡುತ್ತಾರೋ ಅವರದ್ದೇ. ಮುಂದಿನ ಭೇಟಿಗೂ ಆ ಪಾಸ್‌ಬುಕ್ ಹೊರಗೇ ಇಟ್ಟಿರಿ.